ಗುಡ್ಡದ ನೆತ್ತಿಯ ಗಾಳಿಯಂತ್ರ

ಭಾಮೈದಾ,

ನಾನೂ ನಿಮ್ಮಕ್ಕನೂ ಮಗಳ ಮನೆಗೆ ಸುಖವಾಗಿ ಬಂದು ಸೇರಿದ್ವಿ. ನಮ್ಮ ಗುಡ್ಡದ ಮೇಲೆ ಗಾಳಿಯಂತ್ರ ಬೇಡ ಅನ್ನೋಕೆ "ನಾಲ್ಕು ತಪ್ಪು ಹುಡುಕಿಕೊಂಡು ಬನ್ನಿ ಭಾವ" ಅಂತ ಕಳಿಸಿದ್ಯಲ್ಲ, ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ.

ಅಳಿಯ ರಿಪೇರಿ ಮಾಡೋ ಯಂತ್ರದ ಬುಡದಲ್ಲಿ ಅರ್ಧ ದಿನ ಕೂತಿದ್ದೆ. ಗಾಳಿಗೋಪುರ ಅಂದ್ರೆ ಇದು ಕಣಯ್ಯ! ಅದರ ಉದ್ದನೆ ನೆರಳಲ್ಲಿ ಹನ್ನೊಂದು ಹಸು ಸಾಲಾಗಿ ಮಲಗಿದ್ವು. ನೆರಳು ಸರಿದ ಹಾಗೆ ಎದ್ದು, ಸರಿದು, ಮತ್ತೆ ಮಲಗ್ತಾವೆ. ಯಂತ್ರ ಬಂದ್ರೆ ಹಾಲು ಬತ್ತುತ್ತೆ ಅಂದಿದ್ಯಲ್ಲ, ಪಾಪ, ಅವಕ್ಕೆ ಯಾರೂ ಹೇಳಿಲ್ಲ ಅನ್ಸುತ್ತೆ.

ಗಾಳಿ ರೆಕ್ಕೆ ತಿರುಗಿಸುತ್ತೆ, ರೆಕ್ಕೆ ಒಳಗಿನ ಡೈನಮೋ ತಿರುಗಿಸುತ್ತೆ, ಕರೆಂಟು ತಂತಿಲಿ ಇಳಿದು ಬರುತ್ತೆ. ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. "ಗಾಳಿನೆಲ್ಲ ಅದೇ ಕುಡಿದ್ರೆ ನಮಗೆ?" ಅನ್ನೋ ನಿನ್ನ ಘನವಾದ ಪ್ರಶ್ನೆನೂ ಕೇಳಿದೆ. ಅಳಿಯ "ಹಿಂದುಗಡೆ ನಿಂತು ನೋಡಿ ಮಾವ" ಅಂದ. ನಿಂತೆ. ಟೋಪಿ ಹಾರಿಹೋಯ್ತು.

ತಪ್ಪು ಸಿಕ್ಕಿದ್ದು ಎರಡೇ: ಹತ್ತಿರ ಹೋದ್ರೆ ಗುಂಯ್ ಅನ್ನುತ್ತೆ, ಗಾಳಿ ನಿಂತ್ರೆ ತಾನೂ ನಿಂತುಬಿಡುತ್ತೆ. ನಿನ್ನ ಬಾಯಿ ನಿಲ್ಲೋದೇ ಇಲ್ಲವಲ್ಲ!

ಗಾಳಿಗೆ ಕೂತು ನನಗೆ ಕಿವಿನೋವು, ಹತ್ತಿ ಇಟ್ಕೊಂಡಿದ್ದೀನಿ; ನೀನು ಎಷ್ಟು ಕೂಗಿದ್ರೂ ಕೇಳ್ಸಲ್ಲ.

ಗುಡ್ಡದ ಬುಡ ನಿಂದು, ನೆತ್ತಿ ನಿಮ್ಮಕ್ಕನ ಪಾಲು ತಾನೆ? "ತಮ್ಮನಿಗೆ ಬೇಜಾರಾಗದ ಹಾಗೆ ಬರೀರಿ" ಅಂತ ಹೇಳಿ, ನಿನ್ನೆ ಅಲ್ಲಿ ಯಂತ್ರ ಹಾಕೋ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸಿಯೇಬಿಟ್ಲು. ಇದು ಕಾರ್ಡು, ಪೋಸ್ಟ್‌ಮ್ಯಾನ್ ಓದಿ ಊರಿಗೆಲ್ಲ ಹೇಳಿರ್ತಾನೆ. ಯಾರಾದ್ರೂ ಕೇಳಿದ್ರೆ, "ಅಕ್ಕನ್ನ ಒಪ್ಪಿಸಿದ್ದೇ ನಾನು" ಅಂತ ನೀನೇ ಅಂದ್ಬಿಡು, ಮರ್ಯಾದೆ ಉಳಿಯುತ್ತೆ.

ನಿನ್ನ ಭಾವ