ಒಳಗುಣಕ್ಕೊಂದು ಹೊರರೂಪ

ಮಕ್ತಲ್
೯ ಜೂನ್ ೨೦೧೪, ಸೋಮವಾರ

ಪ್ರೀತಿಯ ಮಗ ಗುರುಪ್ರಸಾದನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪ? ಪುಣೆಯಲ್ಲಿ ಮಳೆ ಶುರುವಾಗಿದ್ದರೆ ನೆನೆಯಬೇಡ, ನಿನಗೆ ನೆಗಡಿ ಬೇಗ ಹಿಡಿಯುತ್ತದೆ. ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಇಷ್ಟು ಹೊತ್ತಿಗೆ ಗೆಳೆಯರ ಪಾಲಾಗಿರಬೇಕು. ಅಪ್ಪನ ಮೊಣಕಾಲು ಹಾಗೇ ಇದೆ. ನೋವು ಕಾಲಿಗೆ, ಸಿಡುಕು ನನ್ನ ಮೇಲೆ. ಹೋದ ಸೋಮವಾರ ತೆಲಂಗಾಣ ಬೇರೆ ರಾಜ್ಯವಾಯಿತಲ್ಲ, ಊರೆಲ್ಲ ಪಟಾಕಿ. ಪಕ್ಕದ ಮನೆಯ ಕಿಷ್ಟಮ್ಮ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿ, "ಮನ ರಾಜ್ಯಂ ವಚ್ಚಿಂದಿ ಸಂಗಮ್ಮಾ! ನಮ್ಮ ರಾಜ್ಯ ಬಂತು! ಇನ್ನ ನಿಮ್ಮ ಗುರುಗ ಇಲ್ಲೇ ನೌಕರಿ ಸಿಗತೈತಿ ನೋಡ್ರಿ" ಎಂದಳು. ಆ ಸಕ್ಕರೆ ನನಗೆ ಸಿಹಿ ಹತ್ತಲಿಲ್ಲ.

ಯಾಕೆಂದರೆ ಅದರ ಹಿಂದಿನ ದಿನವೇ, ನೀನು ರಜೆ ಮುಗಿಸಿ ಹೋದ ಮರುದಿನ, ನಿನ್ನ ಟ್ರಂಕು ಒರೆಸಲು ತೆಗೆದಿದ್ದೆ. ಪುಸ್ತಕಗಳ ನಡುವೆ ನೀನು ಲಿಂಗವಿಟ್ಟು ಕೊರಳಲ್ಲಿ ಕಟ್ಟಿಕೊಳ್ಳುವ ಬೆಳ್ಳಿ ಕರಡಿಗೆ! ಸತ್ತು ಮಣ್ಣಿಗೆ ಹೋಗುವಾಗಲೂ ಮೈಬಿಡದ ಇಷ್ಟಲಿಂಗವನ್ನು ಬದುಕಿರುವ ಮಗ ಟ್ರಂಕಿನಲ್ಲಿ ಇಟ್ಟು ಹೋಗುತ್ತಾನೆಯೇ? ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ಅದಕ್ಕೇ ಕರಡಿಗೆ ತೆರೆಯದೆ, ಮಡಿಬಟ್ಟೆಯಲ್ಲಿ ಹಿಡಿದೆತ್ತಿ ದೇವರ ಜಗುಲಿಯ ಮೇಲಿಟ್ಟೆ. ಅಂದಿನಿಂದ ದಿನಾ ಅದಕ್ಕೆ ವಿಭೂತಿ, ಬಿಲ್ವ, ದೀಪ. ನೀನು ಪೂಜೆಯಿಲ್ಲದೆ ಉಣ್ಣುತ್ತಿರುವ ಪಾಪ ನನಗಿರಲಿ ಎಂದು ಒಪ್ಪತ್ತು ಹಿಡಿದಿದ್ದೇನೆ. ಫೋನಿನಲ್ಲಿ "ಉಂಡಿಯೇನು?" ಎಂದರೆ ನೀನು "ಹೂಂ" ಎಂದೆ. ಕರಡಿಗೆಯ ಮಾತು ಎತ್ತದೆ ಫೋನಿಟ್ಟೆ.

ಆಮೇಲೆ, ನಿನ್ನ ತಲೆ ಕೆಡಿಸಿದ್ದು ಯಾವುದು ಎಂದು ಹುಡುಕುತ್ತ ನೀನು ಪುಣೆಯ ಕಾಲೇಜಿನ ಪ್ರಬಂಧಕ್ಕೆಂದು ಕನ್ನಡದಲ್ಲಿ ಟಿಪ್ಪಣಿ ಬರೆದ ನೋಟ್‌ಬುಕ್ಕನ್ನೂ ಓದಿದೆ. ಬೈಯಬೇಡ. ಕೊರಿಯಾದಲ್ಲಿ ಹುಟ್ಟಿದ ಏಕೀಕರಣ ದರ್ಶನವಂತೆ. ಇರುವಿಕೆ, ಸೃಷ್ಟಿ ಇವುಗಳ ಬಗ್ಗೆ ಅದು ಹೇಳುವ ಮಾತುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದು ನಿನ್ನ ಕೆಲಸವಂತೆ. ಇಲ್ಲಿ ಒಂದು ರಾಜ್ಯ ಎರಡಾಯಿತೆಂದು ಕುಣಿಯುತ್ತಿದ್ದಾರೆ, ನೀನು ಅಲ್ಲಿ ಎರಡನ್ನು ಒಂದು ಮಾಡಲು ಕೂತಿದ್ದೀಯ! ದೇವರು ಪ್ರೀತಿಸಲು ಎದುರಿಗೊಬ್ಬರು ಬೇಕೆಂದು, ಆ ಸಂತೋಷಕ್ಕಾಗಿ ಸೃಷ್ಟಿ ಮಾಡಿದನೆಂದು ಬರೆದು, ಕೆಳಗೆ ಕೆಂಪು ಮಸಿಯಲ್ಲಿ ಕೇಳಿದ್ದೀಯ: "ಪೂರ್ಣನಾದ ದೇವರಿಗೆ ಕೊರತೆ ಎಲ್ಲಿಂದ? ಈ ಗಂಟು ಬಿಚ್ಚದಿದ್ದರೆ ಉಳಿದದ್ದೂ ನಿಲ್ಲದು." ಇದಕ್ಕೆ ಇಷ್ಟು ಒದ್ದಾಟವೇ? ನೀನು ಹುಟ್ಟುವ ಮೊದಲು ನನಗೇನೂ ಕೊರತೆ ಇರಲಿಲ್ಲ ಮಗನೇ. ಹೊಟ್ಟೆ ತುಂಬ ಉಣ್ಣುತ್ತಿದ್ದೆ, ಕಣ್ತುಂಬ ಮಲಗುತ್ತಿದ್ದೆ. ಕೊರತೆ ಶುರುವಾದದ್ದು ನೀನು ಹುಟ್ಟಿದ ಮೇಲೆ. ದೇವರಿಗೂ ಹಾಗೇ ಆಗಿರಬೇಕು, ಬರೆದುಕೋ.

ಆದರೆ ನನ್ನನ್ನು ದಂಗುಬಡಿಸಿದ್ದು ಮೊದಲ ಪುಟ. "ಇರುವ ಪ್ರತಿಯೊಂದಕ್ಕೂ ಒಂದು ಒಳಗುಣ, ಒಂದು ಹೊರರೂಪ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಸೃಷ್ಟಿಯಲ್ಲೂ ಹಾಗೆ, ದೇವರಲ್ಲೂ ಹಾಗೆ." ನಿನ್ನ ಕೈಬರಹವೇ. ಹಾಗಾದರೆ ಭಕ್ತಿಗೆ ಹೊರರೂಪ ಬೇಡವೇ? ಆ ರೂಪವನ್ನಲ್ಲವೇ ನಿನಗೆ ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಪರದೇಶದವರ ಮಾತು ಹೊಂದುತ್ತದೋ ಇಲ್ಲವೋ ಎಂದು ತೂಗುವವನು ಮೊದಲು ನಿನ್ನದನ್ನು ತೂಗು. ಬಂದು ಈ ಲಿಂಗ ಕಟ್ಟಿಕೋ. ಇಲ್ಲವಾದರೆ ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಲೇ ಇಲ್ಲ ಎಂದುಕೊಳ್ಳುತ್ತೇನೆ.

ಅಪ್ಪನಿಗೆ ಇದೇನೂ ತಿಳಿಸಿಲ್ಲ. ನಿನ್ನ ಗೆಳೆಯರಿಗೆಲ್ಲ ನನ್ನ ಹರಕೆ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಸಂಗಮ್ಮ

ತಾ.ಕ.: ಕಾಗದವನ್ನು ಟಪಾಲಿಗೆ ಹಾಕುತ್ತೇನೆಂದು ನಮ್ಮ ಮನೆಗುರು ಕರಿಬಸಯ್ಯನವರು ಬಂದಿದ್ದಾರೆ, ನಾರಾಯಣಪೇಟೆಯ ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾರೆ. ಗುರುಗಳಾದ ಅವರು ಮುಟ್ಟಬಹುದಲ್ಲ ಎಂದು ಕರಡಿಗೆ ತೋರಿಸಿದೆ. ತೆರೆದರು. "ಇದರಾಗ ಲಿಂಗ ಎಲ್ಲೈತಿ ಸಂಗಮ್ಮಾ? ಮುಚ್ಚಳದ ತಿರುಪು ಮುರದೈತಿ. ಹುಡುಗ ಲಿಂಗ ವಸ್ತ್ರದಾಗ ಸುತ್ತಿ ಕೊರಳಿಗೆ ಕಟ್ಟಿಕೊಂಡು ಹೋಗ್ಯಾನ" ಎಂದರು. ಖಾಲಿ, ಮಗನೇ! ಎಂಟು ದಿನ ಖಾಲಿ ಬೆಳ್ಳಿಗೆ ಬಿಲ್ವ ಏರಿಸಿದ್ದೇನೆ. ಒಳಗಿನದು ಇದೆಯೋ ಇಲ್ಲವೋ ನೋಡದೆ ಹೊರರೂಪಕ್ಕೆ ಕೈಮುಗಿದವಳು ನಾನು, ಪಾಠ ಹೇಳಿದ್ದು ನಿನಗೆ. ಬೇರೆ ಕಾಗದ ಬರೆಯಲು ಹೊತ್ತಿಲ್ಲ. ಹೊಟ್ಟೆಯಲ್ಲಿ ಹುಟ್ಟಲೇ ಇಲ್ಲ ಎಂದ ಸಾಲಿನ ಮೇಲೆ ನಾಲ್ಕು ಸಲ ಪೆನ್ನು ಎಳೆದೆ. ಇನ್ನೂ ಅಕ್ಷರಗಳು ಕಾಣುತ್ತಿವೆ. ಓದಬೇಡಪ್ಪ.