ಚಮಚ ಹಿಡಿಯದ ಕೈ

ಗದಗ, ಕ್ರಿ.ಶ. 2187, ಮಳೆಗಾಲದ ನಲವತ್ತನೆಯ ದಿನ

ಶಾಂಭವಿ ಮುತ್ತಜ್ಜಿಯವರಿಗೆ,

ಹದಿನೆಂಟರ ಹುಡುಗಿಯನ್ನು ಮುತ್ತಜ್ಜಿ ಎಂದದ್ದಕ್ಕೆ ಕ್ಷಮಿಸಿ. ನಾನು ನಿಮ್ಮ ಆರನೆಯ ತಲೆಮಾರಿನ ನೀಲಗಂಗಾ. ನನ್ನ ಕೆಲವು ಪದಗಳು ವಿಚಿತ್ರವೆನಿಸಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನೀವು ಆಕ್ಯುಪೇಷನಲ್ ಥೆರಪಿ ಕಲಿಯಬೇಕೆಂದಿದ್ದೀರಿ. ಆ ಶಾಲೆ ಮೊದಲು ಒಂದು ಪದವಿ ಕೇಳುತ್ತದೆ. ಯಾವ ವಿಷಯ ಎಂದು ತೋಚದೆ ಪದವಿಯ ಅರ್ಜಿಯಲ್ಲಿ ಆ ಒಂದು ಸಾಲನ್ನು ಖಾಲಿ ಬಿಟ್ಟಿದ್ದೀರಿ. ಅದರ ಪ್ರತಿ ನಮ್ಮ ಮನೆಯಲ್ಲಿದೆ.

ನಮ್ಮಲ್ಲಿ ಮನೆಗೊಂದು ಉಣಿಸುಗ ಇರುತ್ತದೆ. ಕಲಸಿ, ಬೇಯಿಸಿ, ಬೇಕಾದರೆ ಚಮಚದಲ್ಲಿ ಬಾಯಿಗೂ ಇಡುವ ಯಂತ್ರ ಅದು. ಕೈ ಕೆಸರಾದರೆ ಬಾಯಿ ಮೊಸರು ಎಂದವರು ನೀವು. ನಮಗೆ ಕೆಸರಿಲ್ಲದೆಯೇ ಮೊಸರು. ಸ್ವಾಧೀನ ತಪ್ಪಿ ಬಿದ್ದ ಕೈಗೆ ಮತ್ತೆ ಕೆಲಸ ಕಲಿಸುವುದನ್ನು ಹೇಳಿಕೊಡುವ ನಿಮ್ಮ ಆ ಥೆರಪಿ ಶಾಲೆಗೆ ನಾವು ಕೈರೂಢಿ ಶಾಲೆ ಎನ್ನುತ್ತೇವೆ. ಸೇರಲು ಯಾವ ಪದವಿಯಾದರೂ ನಡೆಯುತ್ತಿತ್ತು. ಅದನ್ನು ಓದಿದರೆ ಅಲ್ಲಿ ಸೀಟು ಸುಲಭವೆಂದು ಎಲ್ಲರೂ ಹೇಳಿದ್ದರಿಂದ ನಾನು ಎಲುಬು-ನರಗಳ ವಿಜ್ಞಾನ ತೆಗೆದುಕೊಂಡೆ. ಗೆಳತಿ ಫಕೀರವ್ವ ಗೃಹವಿಜ್ಞಾನ ತೆಗೆದುಕೊಂಡಳು. ಯಾರೂ ಅಡುಗೆ ಮಾಡದ ಕಾಲದಲ್ಲಿ ಇದೆಂಥ ಓದು ಎಂದು ನಕ್ಕವರಲ್ಲಿ ನಾನೂ ಒಬ್ಬಳು. ಮೂರು ವರ್ಷ ಅವಳು ಮುದುಕಿಯರ ಮನೆಗಳಿಗೆ ಹೋಗಿ, ಅವರ ಕೈ ಏನೇನು ಮಾಡುತ್ತಿತ್ತು ಎಂದು ಕೇಳಿ ಬರೆದುಕೊಂಡಳು.

ಅವ್ವನಿಗೆ ಲಕ್ವ ಹೊಡೆದು ಬಲಗೈ ಬಿತ್ತು. ಕೈಯ ಇಪ್ಪತ್ತೇಳು ಎಲುಬುಗಳ ಹೆಸರು ನನಗೆ ಬಾಯಿಪಾಠ. ನಮ್ಮ ಶಾಲೆ ಚೇತರಿಕೆಯನ್ನು ಅಳೆಯುವುದೇ ಚಮಚದಿಂದ. ಆರು ತಿಂಗಳು ಆ ಕೈಗೆ ಚಮಚ ಕೊಟ್ಟೆ. ದಿನವೂ ಬೀಳುತ್ತಿತ್ತು. ಪ್ರಗತಿಯಿಲ್ಲ ಎಂದು ಬರೆದು ನಿಲ್ಲಿಸಿದೆ. ನೋಡಲು ಬಂದ ಫಕೀರವ್ವ ಒಂದು ಹಿಡಿ ಜೋಳದ ಹಿಟ್ಟು ನಾದಿ ಮುಂದಿಟ್ಟಳು. ಬಲಗೈ ಮೆಲ್ಲಗೆ ಮೇಲೆದ್ದು ಬಡಿಯತೊಡಗಿತು. ಒಂದು ಬದಿ ದಪ್ಪ, ಇನ್ನೊಂದು ಬದಿ ಹರಿದದ್ದು, ಆದರೂ ರೊಟ್ಟಿಯೇ. ಬಾಲ್ಯದಲ್ಲಿ ತನ್ನ ಅಜ್ಜಿಯ ಪಕ್ಕ ಕೂತು ಕಲಿತ ಕೈ ಅದು. ಅದು ಏನು ಮಾಡುತ್ತಿತ್ತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವ್ವ ನನ್ನನ್ನು ನೋಡಿ ಒಂದೇ ಮಾತು ಹೇಳಿದಳು: "ಇಷ್ಟ ದಿನಾ ಇದನ್ನ ಯಾಕ ಕೊಡಲಿಲ್ಲವ್ವಾ?"

ಅದಾದ ಹನ್ನೊಂದನೆಯ ದಿನ ಅವ್ವ ತೀರಿಕೊಂಡಳು. ನಾನು ಅಳಲಿಲ್ಲ. ವರ್ಷವಾಯಿತು, ಈಗಲೂ ಏನೂ ಅನ್ನಿಸುವುದಿಲ್ಲ. ಬೆಳಿಗ್ಗೆ ಏಳುತ್ತೇನೆ, ಉಣಿಸುಗ ಕೊಟ್ಟದ್ದನ್ನು ತಿನ್ನುತ್ತೇನೆ, ಶಾಲೆಗೆ ಹೋಗಿ ಎಲುಬುಗಳ ಹೆಸರು ಹೇಳಿಕೊಡುತ್ತೇನೆ.

ಎಲುಬು ಬೇಡವೆನ್ನುತ್ತಿಲ್ಲ, ಅದನ್ನು ಶಾಲೆ ಹೇಗೂ ಕಲಿಸುತ್ತದೆ. ಆ ಖಾಲಿ ಸಾಲಿನಲ್ಲಿ, ಇನ್ನೊಬ್ಬರ ಮನೆಗೆ ಹೋಗಿ ಕೂತು ಕೇಳುವುದನ್ನು ಕಲಿಸುವ ವಿಷಯ ಬರೆಯಿರಿ. ನಗುವವರು ನಗಲಿ. ಮುಂದೆ ನಿಮ್ಮ ಮಗಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿ, ಅವಳು ಅವಳ ಮಗಳಿಗೆ ಕಲಿಸಲಿ. ಅದು ಅವ್ವನವರೆಗೂ ಬಂದಿತ್ತು. ನನಗೆ ಬರುವುದಿಲ್ಲ.

ನೀಲಗಂಗಾ