ಹೊಸ ನೀರು ಯಾವುದು?

ಗಂಗಕ್ಕನಿಗೆ ಜುಗೂಳದಿಂದ ಭರಮುವಿನ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ಅವ್ವನಿಗೆ ಕೇಳಿಸುತ್ತದೆ. ಅದಕ್ಕೇ ಬರೆದು ಹಾಲಿನ ಗಾಡಿಯ ಮಾಳುವಿನ ಕೈಯಲ್ಲಿ ಕಳಿಸುತ್ತಿದ್ದೇನೆ. ನೆರೆ ಬರುವ ಮುಂಚೆಯೇ ಎಮ್ಮೆಗಳನ್ನು ಎತ್ತರದ ಹೊಸ ಮನೆಗೆ ಸಾಗಿಸಿದ್ದಾಯಿತು. ಅವ್ವ ಮಾತ್ರ ಹೊಳೆದಂಡೆಯ ಮನೆ ಬಿಡುತ್ತಿಲ್ಲ. ಮಳೆಗಾಲದ ಹೊಸ ನೀರು ಬಂದಾಗ ಮಗಳು ಹೊಳೆಗೆ ಉಡಿ ತುಂಬಬೇಕು, ಆಮೇಲೆಯೇ ಹೊಸ ಮನೆಗೆ ಹೋಗಬೇಕು ಎಂಬ ಆಕೆಯ ಹಟ ನಿನಗೆ ಗೊತ್ತೇ ಇದೆ.

ಈ ವರ್ಷ ಹೊಸ ನೀರು ಯಾವುದು ಎಂದೇ ನನಗೆ ತಿಳಿಯುತ್ತಿಲ್ಲ. ಮೇ ತಿಂಗಳಲ್ಲೇ ಹೊಳೆ ಕೆಂಪಾಗಿ ಬಂದು ಇಳಿಯಿತು. ನಿನ್ನನ್ನು ಕರೆಯೋಣವೆಂದರೆ ಅವ್ವ, "ಅದು ಹೊಳಿ ಅಲ್ಲೋ, ದಾರಿ ತಪ್ಪಿ ಬಂದ ನೀರು. ಆಕಿ ಬಂದ್ರ ನನಗ ಗೊತ್ತಾಗಂಗಿಲ್ಲೇನು?" ಅಂದಳು. ಜೂನಿನಲ್ಲಿ ಮತ್ತೆ ಬಂತು. ಅದೂ ಅಲ್ಲವಂತೆ. ಈಗ ಊರಲ್ಲಿ ಮಳೆಯೇ ಇಲ್ಲ, ಆದರೂ ಮೇಲಿನ ಘಟ್ಟದ ಮಳೆಗೆ ನೀರು ನಮ್ಮ ಹಿತ್ತಲಿನ ಗೋಡೆ ಮುಟ್ಟಿದೆ. "ಈಗರೆ ಹೊಳಿ ಹೌದಿಲ್ಲ ಬೇ?" ಅಂತ ಕೇಳಿದೆ. ಅವ್ವ ಹಿತ್ತಲಿಗೆ ಹೋಗಿ ಬೊಗಸೆಯಲ್ಲಿ ನೀರು ಎತ್ತಿ ನೋಡಿ ಚೆಲ್ಲಿದಳು. ಆಕೆಗೂ ಗೊತ್ತಾಗುತ್ತಿಲ್ಲ ಅನಿಸುತ್ತದೆ.

ನಾಳೆಗೂ ಸೇತುವೆ ತೆರೆದೇ ಇದ್ದರೆ ಉಡಿಗೆ ಹಸಿರು ಬಳೆ, ರವಿಕೆಯ ಖಣ ತಗೊಂಡು ಬಾ. ಮುಳುಗಿದ್ದರೆ ಯಡೂರಿನ ನಿಮ್ಮ ದಂಡೆಯಲ್ಲೇ ಉಡಿ ತುಂಬಿ ಅವ್ವನಿಗೆ ಫೋನ್ ಮಾಡು. ಇದೇ ಹೊಳೆ ಅಂತ ನೀನೇ ಹೇಳು. ನೀನು ಹೇಳಿದರೆ ನಾನೂ ನಂಬುತ್ತೇನೆ.

ನಿನ್ನ ತಮ್ಮ,
ಭರಮು